ಎರಡೂವರೆ ಅಡಿ

ಪಟರ್ ಅನ್ನು, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಗಾಲ್ಫ್ ಕೋಲನ್ನು, ಹುಲ್ಲಿನ ಮೇಲೆ ಮಲಗಿಸಿದ್ದರೆ ಅದರ ತುದಿ ಕುಳಿಯನ್ನು ದಾಟುತ್ತಿತ್ತು. ಅಷ್ಟು ಹತ್ತಿರ. ಎರಡೂವರೆ ಅಡಿ. ಹದಿನೆಂಟನೇ ಹೋಲ್, ತಿಂಗಳ ಸ್ಪರ್ಧೆ. ಹಾಗಾಗಿ ಜೊತೆಗಿದ್ದವರು "ಇರಲಿ ಬಿಡಿ, ಎತ್ಕೊಳ್ಳಿ" ಅಂತ ಗಿಮ್ಮಿ ಕೊಡುವಂತಿರಲಿಲ್ಲ. ಅದು ಒಳಗೆ ಬಿದ್ದಿದ್ದರೆ ನನ್ನ ಸ್ಕೋರ್ 89 ಹೊಡೆತ, ಕಡಿಮೆಯಾದಷ್ಟೂ ಒಳ್ಳೆಯದು. ತೊಂಬತ್ತರ ಕೆಳಗೆ ಮೊದಲ ಸಲ. ಚೆಂಡಿನ ಹಿಂದೆ ಕೂತು ನೋಡಿದೆ. ಕುಳಿಯ ಆಚೆ ಹೋಗಿ ಅಲ್ಲಿಂದಲೂ ನೋಡಿದೆ. ಪಕ್ಕಕ್ಕೆ ಬಂದು ಇಳಿಜಾರು ಎಷ್ಟಿದೆ ಅಂತ ನೋಡಿದೆ. ಒಂದು ಒಣ ಎಲೆ ಬಿದ್ದಿತ್ತು. ಚೆಂಡಿನ ದಾರಿಯಲ್ಲೇನೂ ಇರಲಿಲ್ಲ, ಆದರೂ ಹೋಗಿ ಎತ್ತಿ ಬಿಸಾಕಿದೆ. ನಾಲ್ಕು ಸಲ ಸುಮ್ನೆ ಗಾಳಿಯಲ್ಲಿ ಪಟರ್ ಆಡಿಸಿದೆ. ಅವಸರ ಬೇಡ, ತಾಳ್ಮೆ, ತಾಳ್ಮೆ ಅಂತ ಒಳಗೊಳಗೇ ಹೇಳಿಕೊಂಡೆ. ಆಮೇಲೆ ಹೊಡೆದೆ. ಚೆಂಡು ಬಲಗಡೆಯ ಅಂಚನ್ನು ಸವರಿಕೊಂಡು ಇಳಿಜಾರಿನಲ್ಲಿ ಜಾರಿ, ಮೂರಡಿ ಆಚೆ ಹೋಗಿ ನಿಂತಿತು. ಅಲ್ಲಿಂದ ವಾಪಸ್ ಹೊಡೆದಿದ್ದೂ ಬೀಳಲಿಲ್ಲ. 91.

ಟೋಪಿ ತೆಗೆದು ಎಲ್ಲರೂ ಕೈ ಕುಲುಕಿದರು. ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದರು. ಎಪ್ಪತ್ತು ದಾಟಿದ ವಯಸ್ಸು. ದೂರ ಹೊಡೆಯುವ ಕೋಲು, ಡ್ರೈವರ್, ಹಿಡಿದು ಹೊಡೆದರೆ ನನ್ನ ಅರ್ಧ ದೂರಕ್ಕೂ ಹೋಗುವುದಿಲ್ಲ, ಆದರೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ, ಅಂದರೆ ಗ್ರೀನ್ ಮೇಲೆ ಬಂದರೆ ಅವರದೇ ರಾಜ್ಯ. ಗ್ಲೋವ್ ಕಳಚುತ್ತಾ ಕೇಳಿದರು. "ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಹೇಳಿ ಸರ್."

"ನೀವು ನಿಧಾನ ಮಾಡ್ತೀರಿ. ಆದ್ರೆ ಕಾಯೋದಿಲ್ಲ."

ಅಷ್ಟು ಹೇಳಿ ಬ್ಯಾಗ್ ಎಳೆದುಕೊಂಡು ಹೊರಟೇಹೋದರು. ನನಗೆ ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಸಿಟ್ಟು ಇಳಿಯಿತು, ಆ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ. ನಿಧಾನ ಮಾಡೋದು, ಕಾಯೋದು, ಎರಡೂ ಒಂದೇ ಅಲ್ವಾ ಅಂತ ಅಂದುಕೊಂಡೇ ಇಷ್ಟು ವರ್ಷ ಆಡಿದ್ದೆ.

ನಾಲ್ಕೂಕಾಲು ಇಂಚು

ಸಿಟ್ಟಿನಲ್ಲಿರುವಾಗ ಲೆಕ್ಕ ಹಾಕುವುದು ನನ್ನ ಚಟ. ಕುಳಿಯ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಚೆಂಡು 1.68 ಇಂಚಿಗಿಂತ ಚಿಕ್ಕದಾಗಿರುವಂತಿಲ್ಲ. ಪಕ್ಕಪಕ್ಕ ಇಟ್ಟರೆ ಕುಳಿಯ ಅಗಲದಲ್ಲಿ ಎರಡು ಚೆಂಡು ಹಿಡಿದು ಇನ್ನೂ ಒಂದಿಷ್ಟು ಜಾಗ ಉಳಿಯುತ್ತದೆ. ಪಟರ್‌ನ ಮುಖ ಒಂದು ಡಿಗ್ರಿ ಆಚೀಚೆಯಾಗಿ, ಚೆಂಡೂ ಅಷ್ಟೇ ಓರೆಯಾಗಿ ಹೊರಟಿತು ಅಂತಿಟ್ಟುಕೊಳ್ಳಿ. ಹತ್ತಡಿ ದೂರದಲ್ಲಿ ಅದು ನಡುಗೆರೆಯಿಂದ ಎರಡು ಇಂಚು ಪಕ್ಕಕ್ಕೆ ಹೋಗಿರುತ್ತದೆ. ಕುಳಿಯ ಅರ್ಧ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹತ್ತಡಿಗೆ ಒಂದು ಡಿಗ್ರಿ ತಪ್ಪಿದರೆ ಚೆಂಡು ಅಂಚಿನಲ್ಲಿ ನಿಂತು ಬೀಳಲೋ ಬೇಡವೋ ಅಂತ ಯೋಚನೆ ಮಾಡುತ್ತದೆ. ಎರಡೂವರೆ ಅಡಿಗೆ ಇದೇ ಲೆಕ್ಕ ಹಾಕಿದರೆ ನಾಲ್ಕು ಡಿಗ್ರಿಯಷ್ಟು ತಪ್ಪುವ ಸ್ವಾತಂತ್ರ್ಯ ಇದೆ. ನಾಲ್ಕು ಡಿಗ್ರಿ! ಕಣ್ಣು ಮುಚ್ಚಿ ಹೊಡೆದರೂ ಅಷ್ಟು ತಪ್ಪಲಾರದು ಅನ್ನಿಸಿತು. ಆ ಸಂಜೆ ಕಣ್ಣು ಮುಚ್ಚಿ ಹೊಡೆದೂ ನೋಡಿದೆ. ಹತ್ತರಲ್ಲಿ ಎಂಟು ಬಿದ್ದವು. ಕಣ್ಣು ಬಿಟ್ಟಾಗ ನನ್ನಿಂದ ಆಗದ್ದು ಮುಚ್ಚಿದಾಗ ಆಯಿತಲ್ಲ ಅಂತ ಖುಷಿಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇನ್ನೊಂದು ಲೆಕ್ಕವೂ ಸಿಕ್ಕಿತು. ಅದು ಸಮಾಧಾನ ಕೊಡುವಂಥದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಅಂತ ಒಬ್ಬರು ಲಕ್ಷಾಂತರ ಹೊಡೆತಗಳನ್ನು ಅಳೆದು ನೋಡಿದ್ದಾರೆ. ಪಟರ್‌ನಿಂದ ಹೊಡೆಯುವ ಹೊಡೆತಗಳನ್ನು, ಅಂದರೆ ಪಟ್‌ಗಳನ್ನು, ಅಳೆಯುವ ಅವರ ವಿಧಾನವನ್ನು ಪಿಜಿಎ ಟೂರ್ 2011ರಲ್ಲಿ ತನ್ನದಾಗಿಸಿಕೊಂಡಿತು. ಆ ಟೂರ್‌ನಲ್ಲಿ ಆಡುವವರು, ಅಂದರೆ ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರು, ಎಂಟಡಿಯಿಂದ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ ಒಳಗೆ ಹಾಕುತ್ತಾರೆ. ಅದೂ ಹಾಸಿಗೆಯಂಥ ಗ್ರೀನ್‌ಗಳ ಮೇಲೆ. ನಾನು ಎಂಟಡಿಯ ಪಟ್ ತಪ್ಪಿದಾಗಲೆಲ್ಲ ಪಟರ್‌ನಿಂದ ಷೂಗೆ ಕುಟ್ಟಿಕೊಳ್ಳುತ್ತಿದ್ದೆ. ಯಾರಿಗೂ ಪೂರ್ತಿ ಕೈಗೆ ಸಿಗದ ವಸ್ತುವೊಂದು ನನಗೆ ದಿನಾ ಸಿಗಬೇಕು ಅನ್ನುವ ಹಟ. ಟಿವಿಯಲ್ಲಿ ನಾವು ನೋಡುವುದು ಆ ವಾರ ಎಲ್ಲವೂ ಬೀಳುತ್ತಿರುವ ನಾಲ್ಕೈದು ಜನರನ್ನು ಮಾತ್ರ. ಅದೇ ವಾರ ಏನೂ ಬೀಳದೆ ಶುಕ್ರವಾರ ಸಂಜೆಯೇ ಮನೆಗೆ ಹೊರಟವರ ಕಡೆ ಕ್ಯಾಮೆರಾ ತಿರುಗುವುದೇ ಇಲ್ಲ.

ಆದರೆ ಎರಡೂವರೆ ಅಡಿಗೆ ಈ ಸಮಾಧಾನ ನಡೆಯುವುದಿಲ್ಲ. ಅಲ್ಲಿ ತಪ್ಪಿದ್ದು ನಾನೇ.

ನೆಪಗಳು ಒಂದೊಂದಾಗಿ

ಮೊದಲು ಪಟರ್ ಮೇಲೆ ಗೂಬೆ ಕೂರಿಸಿದೆ. ಎಲ್ಲರೂ ಮಾಡುವುದೇ. ತೆಳು ತಲೆಯ ಬ್ಲೇಡ್ ಇದ್ದಿದ್ದನ್ನು ಕೊಟ್ಟು ಮ್ಯಾಲೆಟ್ ತಂದೆ. ಸುತ್ತಿಗೆಯ ಹಾಗೆ ದಪ್ಪ ತಲೆ, ಮೇಲೆ ಬಿಳಿ ಗೆರೆ. ಮೊದಲ ವಾರ ಎಲ್ಲ ಬಿದ್ದವು. ಹೊಸ ಪಟರ್‌ಗೆ ಮೊದಲ ವಾರ ಎಲ್ಲ ಬೀಳುತ್ತವೆ, ಅದು ನಿಯಮ. ಮೂರನೇ ವಾರ ನಾನು ಮತ್ತೆ ನಾನೇ ಆಗಿದ್ದೆ. ಆಮೇಲೆ ಹಿಡಿತ ಬದಲಿಸಿದೆ. ಎಡಗೈ ಕೆಳಗೆ, ಬಲಗೈ ಮೇಲೆ. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಅಂಥ ದೊಡ್ಡ ಆಟಗಾರರೇ ಹಿಡಿತ ಬದಲಿಸಿದ್ದಾರಲ್ಲ ಅಂತ ಧೈರ್ಯ. ಆದರೆ ಲ್ಯಾಂಗರ್‌ದು ಬೇರೆಯೇ ಕಥೆ. ಅವರಿಗೆ ಕೈ ತಾನಾಗೇ ಅದುರುವ ಕಾಯಿಲೆ, ಗಾಲ್ಫ್ ಆಡುವವರು ಯಿಪ್ಸ್ ಅನ್ನುತ್ತಾರೆ, ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಪಟರ್ ಹಿಡಿಯುವುದನ್ನು ಹೊಸದಾಗಿ ಕಲಿತರು. ಕೈ ಅಡಿಮೇಲು ಮಾಡಿದರು, ಒಂದು ಕಾಲದಲ್ಲಿ ಎಡ ಮೊಣಕೈ ಕೆಳಗಿನ ಭಾಗಕ್ಕೆ ಪಟರ್ ಹಿಡಿಯನ್ನು ಬಲಗೈಯಿಂದ ಒತ್ತಿ ಹಿಡಿದು ಆಡಿದರು. 1985ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದಿದ್ದವರು ಹೀಗೆಲ್ಲ ಒದ್ದಾಡಿಕೊಂಡೇ 1993ರಲ್ಲಿ ಮತ್ತೆ ಗೆದ್ದರು. ಅದಾದ ಮೇಲೆ ಉದ್ದನೆಯ ಪಟರ್ ಹಿಡಿದರು. ಅವರು ಬದಲಿಸುತ್ತಿದ್ದದ್ದು ಕೈ ಕೇಳದೇ ಹೋದದ್ದಕ್ಕೆ. ನನ್ನ ಕೈ ಗಟ್ಟಿಯಾಗಿಯೇ ಇತ್ತು. ನಾನು ಬದಲಿಸುತ್ತಿದ್ದದ್ದು ಹದಿನೈದು ದಿನಕ್ಕಿಂತ ಜಾಸ್ತಿ ಒಂದನ್ನೇ ಮಾಡಲು ಆಗದ್ದಕ್ಕೆ. ಅವಸರ ಅಂದರೆ ಗ್ರೀನ್ ಮೇಲೆ ದಡಬಡ ಓಡಾಡುವುದು ಮಾತ್ರ ಅಂದುಕೊಂಡಿದ್ದೆ. ಹೀಗೆ ಅಂಗಡಿಗೂ ಬರುತ್ತದೆ ಅಂತ ಗೊತ್ತಿರಲಿಲ್ಲ.

(ಹಿಂದೆ ಇನ್ನೊಂದು ಒಳ್ಳೆಯ ನೆಪ ಇತ್ತು. ಯಾರದೋ ಷೂ ಮೊಳೆಯ ಗುರುತಿಗೆ ಚೆಂಡು ತಗುಲಿ ತಿರುಗಿತು ಅನ್ನಬಹುದಿತ್ತು. ಆಗ ಅದನ್ನು ಸರಿಮಾಡುವಂತಿರಲಿಲ್ಲ. 2019ರಲ್ಲಿ ನಿಯಮ ಬದಲಾಯಿತು. ಈಗ ಅಂಥ ಗುರುತನ್ನು ಒತ್ತಿ ಸಮ ಮಾಡಬಹುದು. ಬಾವುಟದ ಕೋಲನ್ನು ಕುಳಿಯಲ್ಲೇ ಬಿಟ್ಟು ಪಟ್ ಮಾಡಬಹುದು. ಆಟ ಸುಲಭವಾಯಿತು ಅಂತಾರೆ. ನನಗಂತೂ ನೆಪಗಳು ಕಡಿಮೆಯಾದವು ಅಷ್ಟೇ.)

ಕೊನೆಗೆ ಉಳಿದದ್ದು ಆ ನಿಧಾನ. ಒಂದು ದಿನ ಜೊತೆಗಾರರೊಬ್ಬರು ಸುಮ್ನೆ ತಮಾಷೆಗೆ ನನ್ನ ಒಂದು ಪಟ್‌ಗೆ ಗಡಿಯಾರ ಹಿಡಿದರು. ಒಂದು ನಿಮಿಷ ಹತ್ತು ಸೆಕೆಂಡ್. ನಲವತ್ತು ಸೆಕೆಂಡಿನ ಒಳಗೆ ಹೊಡೆಯಬೇಕು, ಸಾಮಾನ್ಯವಾಗಿ ಅದಕ್ಕಿಂತ ಬೇಗನೇ ಹೊಡೆಯಲು ಆಗಬೇಕು ಅಂತ ನಿಯಮ ಪುಸ್ತಕ ಸಲಹೆ ಕೊಡುತ್ತದೆ. ನಾನು ತಾಳ್ಮೆ ಅಂತ ಹೆಸರಿಟ್ಟುಕೊಂಡಿದ್ದ ಆ ಎಪ್ಪತ್ತು ಸೆಕೆಂಡಿನಲ್ಲಿ ಏನು ಮಾಡುತ್ತಿದ್ದೆ? ನಿಜ ಹೇಳಬೇಕಂದರೆ, ತಪ್ಪಿದರೆ ಏನಾಗುತ್ತದೆ ಅಂತ ಬೇರೆ ಬೇರೆ ಕೋನಗಳಿಂದ ನೋಡುತ್ತಿದ್ದೆ. ಹಲ್ಲು ಕೀಳಿಸಿಕೊಳ್ಳಲು ಬಂದವರು ಬಾಗಿಲ ಹೊರಗೆ ಪತ್ರಿಕೆ ತಿರುವಿಹಾಕುತ್ತಾರಲ್ಲ, ಹಾಗೆ.

ನಾಣ್ಯ

ಹದಿನೈದು ದಿನ ಬಿಟ್ಟು ಬೆಳಗ್ಗೆ ಬೇಗ ಪ್ರಾಕ್ಟಿಸ್ ಗ್ರೀನ್‌ಗೆ ಹೋದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಆ ಹಿರಿಯರು ಒಬ್ಬರೇ ಇದ್ದರು. ಕುಳಿ ಇಲ್ಲದ ಕಡೆ ನಿಂತು ಹುಲ್ಲಿನ ಅಂಚಿನ ಕಡೆಗೆ ಚೆಂಡು ಉರುಳಿಸುತ್ತಿದ್ದರು. ಪ್ರತಿ ಚೆಂಡೂ ಇಬ್ಬನಿಯ ಮೇಲೆ ಒಂದು ಕಪ್ಪು ಗೆರೆ ಎಳೆದು ಹೋಗುತ್ತಿತ್ತು. ಏಳೆಂಟು ಗೆರೆಗಳು. ಎಲ್ಲವೂ ಮೊದಲು ನೇರ, ಆಮೇಲೆ ಸ್ವಲ್ಪ ಬಾಗಿ, ಕೊನೆಯ ಮೂರಡಿಯಲ್ಲಿ ಕುಡುಗೋಲಿನ ಹಾಗೆ ತಿರುಗಿದ್ದವು. ಪುಸ್ತಕದಲ್ಲಿ ನೂರು ಸಲ ಓದಿದ್ದೆ, ಚೆಂಡು ನಿಧಾನವಾದಷ್ಟೂ ಇಳಿಜಾರು ಅದನ್ನು ಜಾಸ್ತಿ ಎಳೆಯುತ್ತದೆ ಅಂತ. ಹುಲ್ಲಿನ ಮೇಲೆ ಬರೆದಿಟ್ಟ ಹಾಗೆ ನೋಡಿದ್ದು ಅವತ್ತೇ. ನನ್ನಂಥವರ ಚೆಂಡು ಯಾವಾಗಲೂ ಕುಳಿಯ ಕೆಳಗಡೆಯಿಂದಲೇ ಯಾಕೆ ಜಾರಿ ಹೋಗುತ್ತದೆ ಅಂತ ಆಗ ಅರ್ಥವಾಯಿತು. ತಿರುವು ಬರುವುದು ಕೊನೆಗೆ. ನಾವು ಓದುವುದು ಮೊದಲರ್ಧವನ್ನು ಮಾತ್ರ.

"ಬನ್ನಿ" ಅಂದರು. ಆ ಮಾತು ಹೇಳಿದ್ದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ನಾನೇ ತೆಗೆದೆ. "ಕಾಯೋದಿಲ್ಲ ಅಂದ್ರಲ್ಲ ಸರ್, ಏನದು?" ಜೇಬಿನಿಂದ ಒಂದು ನಾಣ್ಯ ತೆಗೆದರು. ನನಗೆ ಆ ಕಡೆ ತಿರುಗಿ ನಿಲ್ಲಲು ಹೇಳಿ, ಅದನ್ನು ಹುಲ್ಲಿನ ಮೇಲಿಟ್ಟು ಮೇಲೆ ಚೆಂಡು ಕೂರಿಸಿದರು. ಕುಳಿ ಎರಡೂವರೆ ಅಡಿ ದೂರದಲ್ಲಿತ್ತು. ಬೇಕಂತಲೇ ಅಷ್ಟೇ ದೂರ ಇಟ್ಟರೋ ಏನೋ.

"ಹೊಡೀರಿ. ಹೊಡೆದ ಮೇಲೆ ನಾಣ್ಯ ಯಾವ ಮಗ್ಗುಲು ಬಿದ್ದಿದೆ ಹೇಳಿ. ಚಿತ್ರನೋ, ಅಂಕಿನೋ."

ಇದೇನು ಮಹಾ ಅಂತ ಹೊಡೆದೆ. ಚೆಂಡು ಒಳಗೆ ಬಿತ್ತು. "ಏನಿತ್ತು?" ಅಂದರು. ಗೊತ್ತಿಲ್ಲ. ನಾನು ಕುಳಿಯನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಅವರು ನಾಣ್ಯದ ಮೇಲೆ ಪಟರ್ ತಲೆ ಅಡ್ಡ ಇಟ್ಟಿದ್ದರು. ಎರಡನೇ ಸಲವೂ ಗೊತ್ತಿಲ್ಲ. ಮೂರನೇ ಸಲ ಚಿತ್ರ ಅಂದೆ, ಊಹೆ, ತಪ್ಪು. ನೋಡಬೇಕು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೊಡೆಯುತ್ತಿದ್ದೆ. ಆದರೂ ಪಟರ್ ಚೆಂಡಿಗೆ ತಾಗುವ ಹೊತ್ತಿಗೆ ಕಣ್ಣು ಆಗಲೇ ಕುಳಿಯ ಹತ್ತಿರ ಹೋಗಿ ಕೂತಿರುತ್ತಿತ್ತು. ಹತ್ತು ಸಲದಲ್ಲಿ ನಾಣ್ಯವನ್ನು ನಿಜವಾಗಿ ಕಂಡದ್ದು ಎರಡು ಸಲ. ಚೆಂಡು ಎರಡೂವರೆ ಅಡಿ ಉರುಳಲು ಒಂದು ಸೆಕೆಂಡು, ಜಾಸ್ತಿ ಅಂದರೆ ಎರಡು. ಎಪ್ಪತ್ತು ಸೆಕೆಂಡು ಗ್ರೀನ್ ಸುತ್ತುವ ನನಗೆ ಆ ಒಂದು ಸೆಕೆಂಡು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಕಣ್ಣು ಎದ್ದರೆ ತಲೆ ಏಳುತ್ತದೆ, ತಲೆಯ ಹಿಂದೆ ಎಡ ಭುಜ, ಭುಜದ ಹಿಂದೆ ಪಟರ್‌ನ ಮುಖ. ಬಲಗಡೆ ಅಂಚು ಸವರಿದ್ದು ಹೀಗೆ.

"ಬಿತ್ತೋ ಇಲ್ವೋ ಅಂತ ಕಿವಿ ಹೇಳತ್ತೆ. ಕಣ್ಣಿಗ್ಯಾಕೆ ಅವಸರ?" ಅಂದರು.

ನಾಣ್ಯ ವಾಪಸ್ ಇಸಿದುಕೊಂಡು ಹೊರಟುಹೋದರು. ಮಾತು ಮುಗಿದ ಮೇಲೆ ನಿಲ್ಲುವವರಲ್ಲ.

ಉರುಳಲು ಬಿಡುವುದು

ಅಲ್ಲಿಂದ ನನ್ನ ಅಭ್ಯಾಸ ಬದಲಾಯಿತು. ಹೇಳಿಕೊಳ್ಳಲು ಚೆನ್ನಾಗಿರುವ ಅಭ್ಯಾಸವೇನಲ್ಲ, ನೋಡುವವರಿಗೆ ಬೋರ್ ಆಗುತ್ತದೆ. ಪಟರ್ ತಲೆ ಹಾಯುವಷ್ಟೇ ಜಾಗ ಬಿಟ್ಟು ಎರಡು ಟೀ, ಅಂದರೆ ಚೆಂಡು ಕೂರಿಸುವ ಪುಟ್ಟ ಗೂಟ, ನೆಡುವುದು, ಅವುಗಳ ನಡುವೆ ಹೊಡೆಯುವುದು, ನಾಣ್ಯ ನೋಡುವುದು, ಕಿವಿಗೊಡುವುದು. ಹೊಡೆದ ಮೇಲೆ ಮನಸ್ಸಿನಲ್ಲಿ ಒಂದು, ಎರಡು ಅಂತ ಎಣಿಸಿ ಆಮೇಲೆ ತಲೆ ಎತ್ತುವುದು. ಬಿದ್ದ ಚೆಂಡಿನ ಸದ್ದು ಎಷ್ಟು ಬಗೆ ಇದೆ ಅಂತ ಗೊತ್ತಾಗಿದ್ದು ಆಗಲೇ. ನಡುವೆ ಬಿದ್ದರೆ ಒಂದೇ ಟೊಕ್. ಅಂಚು ಹಿಡಿದು ಬಿದ್ದರೆ ಎರಡು ಮೂರು ಸಲ ಬಡಿದುಕೊಳ್ಳುತ್ತದೆ. ಬೀಳದಿದ್ದರೆ ಸದ್ದೇ ಇಲ್ಲ. ಆ ಮೌನಕ್ಕೆ ಕಿವಿ ಒಗ್ಗಿಸಿಕೊಳ್ಳುವುದೇ ಕಷ್ಟದ ಭಾಗ. ಮೊದಮೊದಲು ಸದ್ದು ಬರಲು ಚೂರು ತಡವಾದರೂ ಎದೆ ಹಿಡಿದುಕೊಳ್ಳುತ್ತಿತ್ತು.

ದೂರದ ಪಟ್‌ಗಳಿಗೆ ಈ ನಾಣ್ಯದ ಪಾಠ ಸಾಲದು. ಮೂವತ್ತು ಅಡಿಯಿಂದ ಚೆಂಡು ಬೀಳುವುದಿಲ್ಲ, ಬಿದ್ದರೆ ಅದು ಅದೃಷ್ಟ. ಅಲ್ಲಿ ಬೇಕಿರುವುದು ವೇಗ. ಗ್ರೀನ್ ವೇಗ ಅಳೆಯಲು ಸ್ಟಿಂಪ್‌ಮೀಟರ್ ಅಂತ ಒಂದು ಸಾಧನ ಇದೆ. 1935ರ ಯುಎಸ್ ಓಪನ್ ಓಕ್‌ಮಾಂಟ್‌ನಲ್ಲಿ ನಡೆದಾಗ ಅಲ್ಲಿನ ಗ್ರೀನ್‌ಗಳು ಅತಿ ವೇಗ ಅನ್ನಿಸಿ, ಎಡ್ವರ್ಡ್ ಸ್ಟಿಂಪ್ಸನ್ ಅನ್ನುವ ಅಮೆಚೂರ್ ಆಟಗಾರ ಅದನ್ನು ಮಾಡಿದ. ಈಗ ಬಳಸುವುದು ಸುಮಾರು ಮೂರಡಿ ಉದ್ದದ ಲೋಹದ ಪಟ್ಟಿ, ನಡುವೆ ಕಾಲುವೆಯಂಥ ತೋಡು, ಒಂದು ತುದಿಯಲ್ಲಿ ಚೆಂಡು ಕೂರಲು ಸಣ್ಣ ಗುಳಿ. ಆ ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಬೇಕು. ಸುಮಾರು ಇಪ್ಪತ್ತು ಡಿಗ್ರಿಗೆ ಬಂದಾಗ ಚೆಂಡು ತಾನಾಗೇ ಗುಳಿ ಬಿಟ್ಟು ಉರುಳುತ್ತದೆ. ಎಷ್ಟು ಅಡಿ ಹೋಗಿ ನಿಲ್ಲುತ್ತದೋ ಅದೇ ಗ್ರೀನ್‌ನ ವೇಗ. ಇದರಲ್ಲಿ ಯಾರೂ ಚೆಂಡನ್ನು ತಳ್ಳುವುದಿಲ್ಲ. ನನಗೆ ಅದು ತುಂಬಾ ಹಿಡಿಸಿತು. ನಾನು ದೂರದ ಪಟ್‌ಗಳನ್ನು ತಳ್ಳುತ್ತಿದ್ದೆ. ಹೊಡೆದ ಮೇಲೂ ಸೊಂಟ ಬಗ್ಗಿಸಿ, ಭುಜ ವಾಲಿಸಿ, "ನಿಲ್ಲು, ನಿಲ್ಲು" ಅಂತಲೋ "ಹೋಗು, ಹೋಗು" ಅಂತಲೋ ಚೆಂಡಿನ ಜೊತೆ ಜಗಳ ಆಡುತ್ತಿದ್ದೆ. ಚೆಂಡು ಇವತ್ತಿನವರೆಗೂ ನನ್ನ ಮಾತು ಕೇಳಿಲ್ಲ.

ಈಗ ಆಟಕ್ಕೆ ಮುಂಚೆ ಹತ್ತು ನಿಮಿಷ ಕುಳಿಗಳನ್ನು ಬಿಟ್ಟು ಗ್ರೀನ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉರುಳಿಸುತ್ತೇನೆ. ಹುಲ್ಲು ಬೆಳಗ್ಗೆ ಒಂದು ಥರ, ಮಧ್ಯಾಹ್ನ ಒಣಗಿದ ಮೇಲೆ ಇನ್ನೊಂದು ಥರ. ನಿನ್ನೆಯ ಕೈ ಇವತ್ತಿಗೆ ಆಗುವುದಿಲ್ಲ.

ಒಂದಡಿ

ಚಿಕ್ಕ ಪಟ್ ತಪ್ಪಿದವರ ಕಥೆಗಳನ್ನು ಹುಡುಕಿ ಓದುವ ಕೆಟ್ಟ ಚಾಳಿಯೂ ಆಗ ಶುರುವಾಯಿತು. 2016ರ ಮಾಸ್ಟರ್ಸ್‌ನ ಮೊದಲ ಹೋಲ್‌ನಲ್ಲೇ ಎರ್ನಿ ಎಲ್ಸ್ ಮೂರಡಿ ಒಳಗಿಂದ ಆರು ಪಟ್ ಹೊಡೆದರು. ನಾಲ್ಕು ಮೇಜರ್, ಅಂದರೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳನ್ನು, ಗೆದ್ದ ಮನುಷ್ಯ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದಕ್ಷಿಣ ಕೊರಿಯಾದ ಆಟಗಾರ್ತಿ ಐ.ಕೆ. ಕಿಮ್ ಕಥೆ. 2012ರ ಕ್ರಾಫ್ಟ್ ನಬಿಸ್ಕೊ ಚಾಂಪಿಯನ್‌ಶಿಪ್, ಕೊನೆಯ ದಿನ, ಕೊನೆಯ ಹೋಲ್. ಒಂದಡಿಯಷ್ಟು ದೂರದ ಪಟ್. ಬಿದ್ದಿದ್ದರೆ ಬಹುಪಾಲು ಪ್ರಶಸ್ತಿ ಕೈಗೆ ಬಂದ ಹಾಗೇ. ಚೆಂಡು ಅಂಚು ಸುತ್ತಿ ಹೊರಗೆ ಬಂತು. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ ಚಿತ್ರ ನೀವೂ ನೋಡಿರುತ್ತೀರಿ. ಪ್ಲೇ ಆಫ್‌ನಲ್ಲಿ ಯೂ ಸನ್ ಯಂಗ್ ಗೆದ್ದರು.

ಆ ವಿಡಿಯೊವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲು ನನ್ನ ತಪ್ಪನ್ನೇ ಅದರಲ್ಲಿ ಹುಡುಕುತ್ತಿದ್ದೆ. ತಲೆ ಎತ್ತಿದರಾ? ಅವಸರ ಮಾಡಿದರಾ? ನನ್ನ ಕಣ್ಣಿಗೆ ಅಂಥದ್ದೇನೂ ಸಿಗಲಿಲ್ಲ. ಪಟ್ ಮಾಡಿದರು, ಬೀಳಲಿಲ್ಲ, ಅಷ್ಟೇ. ಇದು ನನಗೆ ನಾಣ್ಯದ ಪಾಠಕ್ಕಿಂತ ಕಷ್ಟದ್ದು. ಕಾರಣ ಸಿಕ್ಕರೆ ಸರಿಮಾಡಿಕೊಳ್ಳಬಹುದು. ಕಾರಣವೇ ಇಲ್ಲದಿದ್ದರೆ ಏನು ಮಾಡುವುದು? ಕಿಮ್ ಆಡುತ್ತಾ ಹೋದರು. 2017ರಲ್ಲಿ ಕಿಂಗ್ಸ್‌ಬಾರ್ನ್ಸ್‌ನಲ್ಲಿ ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದರು. ಐದು ವರ್ಷ. ಆ ಐದು ವರ್ಷದಲ್ಲಿ ಅವರ ಮುಂದೆ ಒಂದಡಿಯ ಪಟ್‌ಗಳು ಎಷ್ಟು ಬಂದಿರಬಹುದು ಅಂತ ಯೋಚಿಸಿ. ಒಂದೊಂದರ ಮುಂದೆಯೂ ಹೋಗಿ ನಿಲ್ಲಬೇಕು. ನಾನು ಒಂದು 91ಕ್ಕೆ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ.

ಹತ್ತು ಸೆಕೆಂಡು

ನಾನಿನ್ನೂ ತೊಂಬತ್ತರ ಕೆಳಗೆ ಹೋಗಿಲ್ಲ. ಮೂರು ಪಟ್‌ಗಳ ಹೋಲ್‌ಗಳು ಕಡಿಮೆಯಾಗಿವೆ, ಪೂರ್ತಿ ಹೋಗಿವೆ ಅಂತ ಹೇಳಲಾರೆ. ನಾಣ್ಯ ಹತ್ತರಲ್ಲಿ ಎಂಟು ಸಲ ಕಾಣುತ್ತದೆ. ಸ್ಪರ್ಧೆಯ ದಿನ ಎಷ್ಟು ಕಾಣುತ್ತದೋ ಕೇಳಬೇಡಿ.

ಹೋದ ತಿಂಗಳು ಅದೇ ಹಿರಿಯರ ಜೊತೆ ಮತ್ತೆ ಸ್ಪರ್ಧೆಯಲ್ಲಿ ಆಡಿದೆ. ಏಳನೇ ಹೋಲ್, ಪಾರ್ ನಾಲ್ಕು, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. ಮೂರಕ್ಕೆ ಗ್ರೀನ್ ತಲುಪಿದ್ದೆ, ನಾಲ್ಕನೆಯದು ಹದಿನೈದಡಿಯ ಪಟ್. ಎರಡು ಕಡೆಯಿಂದ ನೋಡಿದೆ, ಒಂದು ಸಲ ಪಟರ್ ಆಡಿಸಿದೆ, ಹೊಡೆದೆ. ಒಂದು, ಎರಡು ಎಣಿಸಿದೆ. ಸದ್ದು ಬರಲಿಲ್ಲ. ದೂರ ಜಾಸ್ತಿಯಲ್ಲವಾ ಅಂತ ಮೂರು ಎಣಿಸಿದೆ. ಆಗಲೂ ಸದ್ದಿಲ್ಲ. ತಲೆ ಎತ್ತಿದರೆ ಚೆಂಡು ಕುಳಿಯ ಅಂಚಿನಲ್ಲಿ ಕೂತಿದೆ. ಅರ್ಧ ಹುಲ್ಲಿನ ಮೇಲೆ, ಅರ್ಧ ಗಾಳಿಯಲ್ಲಿ.

ಇದಕ್ಕೆ ನಿಯಮ ಇದೆ. ಚೆಂಡಿನ ಒಂದು ಚೂರಾದರೂ ಕುಳಿಯ ಮೇಲೆ ಚಾಚಿಕೊಂಡಿದ್ದರೆ, ಕುಳಿಯ ಹತ್ತಿರ ನಡೆದು ಹೋಗಲು ಬೇಕಾದಷ್ಟು ಸಮಯ, ಅಲ್ಲಿ ಹೋದ ಮೇಲೆ ಇನ್ನು ಹತ್ತು ಸೆಕೆಂಡು ಕಾಯಬಹುದು. ಅಷ್ಟರೊಳಗೆ ಬಿದ್ದರೆ ಹಿಂದಿನ ಹೊಡೆತಕ್ಕೇ ಬಿದ್ದ ಲೆಕ್ಕ. ಆಮೇಲೆ ಬಿದ್ದರೆ ಒಂದು ಹೊಡೆತ ದಂಡ. ಎಲ್ಲರಿಗೂ ಗೊತ್ತಿರುವ ನಿಯಮ, ಆದರೆ ನಾನು ಯಾವತ್ತೂ ಆ ಹತ್ತು ಸೆಕೆಂಡನ್ನು ಬಳಸಿರಲಿಲ್ಲ. ಅಂಚಿನಲ್ಲಿ ನಿಂತ ಚೆಂಡನ್ನು ಕಂಡರೆ ಸಿಟ್ಟಿನಲ್ಲಿ ಹೋಗಿ ಒಂದು ಕೈಯಲ್ಲಿ ತಟ್ಟಿಬಿಡುತ್ತಿದ್ದೆ.

ಅವತ್ತು ನಡೆದು ಹೋದೆ. ಪಕ್ಕದಲ್ಲಿ ನಿಂತೆ. ನೆರಳು ಬೀಳದ ಹಾಗೆ ನಿಂತೆ, ನೆರಳಿಗೂ ಚೆಂಡಿಗೂ ಸಂಬಂಧ ಇಲ್ಲದಿದ್ದರೂ. ಮನಸ್ಸಿನಲ್ಲಿ ಎಣಿಸಿದೆ. ಯಾರೂ ಮಾತಾಡಲಿಲ್ಲ. ಚೆಂಡಿನ ಮೇಲಿನ ಅಕ್ಷರ ಓದುವಷ್ಟು ಹೊತ್ತು ಇತ್ತು. ಎಂಟು, ಒಂಬತ್ತು, ಹತ್ತು. ಕದಲಲಿಲ್ಲ. ಪಟರ್ ಕೆಳಗೆ ತರಬೇಕು ಅನ್ನುವಷ್ಟರಲ್ಲಿ ಟೊಕ್ ಅಂತು.

ಹಿರಿಯರು ಕುಳಿಯ ಕಡೆ ನೋಡಲೇ ಇಲ್ಲ. ಸ್ಕೋರ್ ಕಾರ್ಡ್ ಮೇಲೆ ಪೆನ್ಸಿಲ್ ಹಿಡಿದು ಕಾಯುತ್ತಿದ್ದರು.

"ಎಷ್ಟು ಎಣಿಸಿದ್ರಿ?"

"ಹನ್ನೊಂದು, ಸರ್."

"ಹಾಗಾದ್ರೆ ಐದು" ಅಂದರು. ಬರೆದುಕೊಂಡು, ಎಂಟನೇ ಹೋಲ್ ಕಡೆ ಹೊರಟರು.